ಮರೆವಿನ ಹಿರಿಯರ ಹಾಡು ಕೇಸ್ ಶೀಟಿಗೆ ಏರಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 21ರ ಅಲ್ಜೈಮರ್ ದಿನ, ಅಕ್ಟೋಬರ್ 1ರ ಹಿರಿಯರ ದಿನ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ವೃದ್ಧಾಶ್ರಮಗಳಲ್ಲಿ ಸಂಗೀತ ಕಾರ್ಯಕ್ರಮ ಏರ್ಪಡುತ್ತದೆ. ಶಾಮಿಯಾನ, ಎರಡು ದೊಡ್ಡ ಸ್ಪೀಕರ್, ಶಾಲು, ಹಣ್ಣು, ಫೋಟೊ. ಹಾಡಲು ಬರುವವರ ಮನಸ್ಸು ಒಳ್ಳೆಯದು, ಅದರ ಬಗ್ಗೆ ತಕರಾರಿಲ್ಲ. ಆದರೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವ ಅಜ್ಜಿ ಆ ಸದ್ದಿಗೆ ಗಾಬರಿಯಾಗಿ ಸೆರಗು ಹಿಂಡುತ್ತ, ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ. ಆ ರಾತ್ರಿ ನಿದ್ದೆಯಿಲ್ಲ. ನೈಟ್ ಡ್ಯೂಟಿಯ ಸಿಸ್ಟರ್ 'ರಾತ್ರಿಯಿಡೀ ಗಲಾಟೆ' ಎಂದು ಬರೆಯುತ್ತಾರೆ. ಡಾಕ್ಟರು ಅದನ್ನೋದಿ ಮಾತ್ರೆ ಹೆಚ್ಚಿಸುತ್ತಾರೆ. ಹಿಂದಿನ ಸಂಜೆ ಏನು ನಡೆಯಿತೆಂಬುದು ಕೇಸ್ ಶೀಟಿನಲ್ಲಿ ಎಲ್ಲೂ ಇರುವುದಿಲ್ಲ. ಹಾಡಿನಿಂದ ಹಿರಿಯರಿಗೆ ನಿಜವಾಗಿ ಉಪಯೋಗ ಆಗಬೇಕಾದರೆ ಅದೂ ಕೇಸ್ ಶೀಟಿಗೆ ಏರಬೇಕು. ಹಾಡುವವರು, ನರ್ಸ್, ಡಾಕ್ಟರು, ಮನೆಯವರು ನಾಲ್ವರೂ ಆ ಒಂದೇ ಹಾಳೆ ಓದಬೇಕು, ಅದರಲ್ಲೇ ಬರೆಯಬೇಕು. ಇದನ್ನು ಕೇಳಲೆಂದೇ ಈ ಪತ್ರ.

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿ ಬಹಳ ಹಾನಿ ಮಾಡಿದೆ. ವಯಸ್ಸಾದ ಮೇಲೆ ಹೀಗೇ ಎಂದು ಮನೆಯವರು ಎರಡು ಮೂರು ವರ್ಷ ಕಳೆದುಬಿಡುತ್ತಾರೆ. ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಮಂದಿ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವೂ ಮರೆವಿನಂತೆಯೇ ಕಾಣಿಸಿಕೊಳ್ಳುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಹಾಗಾಗಿ ಹಾಡಿಗಿಂತ ಮೊದಲು ಆಗಬೇಕಾದ್ದು ವೈದ್ಯರ ತಪಾಸಣೆ, ರಕ್ತ ಪರೀಕ್ಷೆ. ಓದು ಬರಹ ಬಾರದ ಹಿರಿಯರಿಗೆ ಪೇಪರು, ಪೆನ್ನು ಕೊಟ್ಟು ಮಾಡುವ ಪರೀಕ್ಷೆಯಲ್ಲಿ ಅಂಕ ಕಮ್ಮಿ ಬರುವುದು ಸಹಜ. ಅಂಥವರಿಗೆ ಹೊಂದುವ ಪರೀಕ್ಷೆಯಿಂದಲೇ ನೋಡಿ ಎಂದು ಮನೆಯವರು ಧೈರ್ಯವಾಗಿ ಕೇಳಬೇಕು.

ಇನ್ನು ಹಾಡಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬ ಮಾತು. ಬಹಳ ಕಾಲದಿಂದ ಪರಿಚಯವಿರುವ ಹಾಡಿನ ನೆನಪಿಗೆ ದುಡಿಯುವ ಮಿದುಳಿನ ಕೆಲ ಭಾಗಗಳು, ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಅಲ್ಜೈಮರ್‌ನಲ್ಲಿ ಉಳಿದ ಭಾಗಗಳಷ್ಟು ಬೇಗ ಸವೆಯುವುದಿಲ್ಲ ಎಂದು 2015ರ ಮಿದುಳು ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಮಗನ ಹೆಸರು ಮರೆತ ತಾಯಿ ಸೋಬಾನೆ ಪದದ ಎರಡನೇ ನುಡಿಯನ್ನು ತಪ್ಪದೆ ಎತ್ತಿಕೊಳ್ಳುವುದು ಇದರಿಂದ ಇರಬಹುದು. ಆದರೆ ಹಾಡು ಮರೆವನ್ನು ವಾಸಿ ಮಾಡುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಕನಿಷ್ಠ 5 ಬಾರಿ ಕೂತು ಮಾಡಿದ ಸಂಗೀತ ಚಿಕಿತ್ಸೆಯಿಂದ ಖಿನ್ನತೆ ತಗ್ಗುವ ಸಂಭವವಿದೆ, ಒಟ್ಟಾರೆ ನಡವಳಿಕೆಯೂ ಸುಧಾರಿಸಬಹುದು. ಆದರೆ ರೇಗಾಟ, ಹೊಡೆದಾಟ ಕಡಿಮೆಯಾಗುತ್ತದೆ ಎಂಬುದಕ್ಕೆ ಬಲವಾದ ಪುರಾವೆಯಿಲ್ಲ. ನಿಲ್ಲಿಸಿದ ಮೇಲೆ ಫಲ ಎಷ್ಟು ದಿನ ಉಳಿಯುತ್ತದೆ ಎಂಬುದೂ ಖಚಿತವಿಲ್ಲ. ಇಷ್ಟನ್ನು ಮನೆಯವರಿಗೆ ಮೊದಲ ದಿನವೇ ಹೇಳಬೇಕು. ಹೇಳದಿದ್ದರೆ ಎರಡು ವಾರದಲ್ಲಿ 'ಹಾಡಿದ್ದೂ ಆಯ್ತು, ಅವ್ವಗ ಗುರುತು ಹತ್ತವಲ್ದು' ಎಂದು ಕೈಬಿಡುತ್ತಾರೆ.

ಈ ರೋಗಕ್ಕೆ ಈ ರಾಗ ಎಂಬ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಡಿಮೆನ್ಷಿಯಾ ಆರೈಕೆಯಲ್ಲಿ ಅವುಗಳಿಂದ ಪ್ರಯೋಜನವಿಲ್ಲ. ಇಲ್ಲಿ ಮುಖ್ಯವಾಗುವುದು ಆ ವ್ಯಕ್ತಿ 10ರಿಂದ 30ರ ವಯಸ್ಸಿನ ನಡುವೆ ಏನು ಕೇಳಿದ್ದರು, ಏನು ಹಾಡಿದ್ದರು ಎಂಬುದು. 1948ರಲ್ಲಿ ಹುಟ್ಟಿದವರಾದರೆ 1958ರಿಂದ 1978. ಆಗ ಅವರು ಯಾವ ಊರಲ್ಲಿದ್ದರು? ಈ ಪ್ರಶ್ನೆ ನಮ್ಮ ಮೂರು ಜಿಲ್ಲೆಗಳಲ್ಲಿ ಬೇರೆ ಕಡೆಗಿಂತ ಹೆಚ್ಚು ತೂಕದ್ದು. ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು; ಇಲ್ಲಿನ ಎಷ್ಟೋ ಹಿರಿಯರ ಎಳವೆಯ ಹಾಡು ತೆಲುಗಿನದು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಲಿದ್ದವು. 85 ದಾಟಿದ ಹಲವರು ಮೊದಲ ಪಾಠ ಉರ್ದುವಿನಲ್ಲಿ ಕಲಿತವರು. ತಾಂಡಾದ ಅಜ್ಜಿಗೆ ಲಂಬಾಣಿ ಹಾಡೇ ಬೇಕು. ಕಾಯಿಲೆ ಬಲಿತಂತೆ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಹುಟ್ಟು ಭಾಷೆ ಕೊನೆಗೆ ಉಳಿಯುತ್ತದೆ. ಎಲ್ಲರಿಗೂ ಒಂದೇ 'ಹಳೇ ಕನ್ನಡ ಹಾಡುಗಳು' ಪೆನ್‌ಡ್ರೈವ್ ಹಚ್ಚಿದರೆ ಅರ್ಧ ಜನಕ್ಕೆ ಅದು ಬರೀ ಸದ್ದು.

ಹಾಡನ್ನು ಹುಡುಕುವಾಗ ಮಕ್ಕಳನ್ನಷ್ಟೇ ಕೇಳಬೇಡಿ. ತಾಯಿಗೆ ಮೂವತ್ತಾದ ಮೇಲಿನದೇ ಮಕ್ಕಳಿಗೆ ಗೊತ್ತಿರುವುದು. ತಂಗಿ, ನಾದಿನಿ, ಓಣಿಯ ಗೆಳತಿ, ಜೊತೆಗೆ ಕಳೆ ತೆಗೆದವರು ಇವರನ್ನು ಕೇಳಿ. ಬೀಸುವ ಪದವೋ, ದಾಸರ ಪದವೋ, ತತ್ವಪದವೋ, ಕಂಪನಿ ನಾಟಕದ ರಂಗಗೀತೆಯೋ, ಬಯಲಾಟದ ಪದವೋ, ಧಾರವಾಡ ಆಕಾಶವಾಣಿಯ ಸಂಜೆಯ ಕಾರ್ಯಕ್ರಮವೋ. ಹದಿನೈದಿಪ್ಪತ್ತು ಹಾಡು ಗುರುತು ಮಾಡಿಕೊಂಡು, ದಿನಕ್ಕೆ ನಾಲ್ಕೈದರಂತೆ ಒಂದೊಂದನ್ನೂ 30-40 ಸೆಕೆಂಡ್ ಕೇಳಿಸಿ ಮುಖ ನೋಡಿ. ತುಟಿ ಅಲುಗಿತೇ, ಕಾಲ್ಬೆರಳು ತಾಳ ಹಾಕಿತೇ, ಉಸಿರು ಸಡಿಲಾಯಿತೇ? ಆ ಹಾಡು ಇಟ್ಟುಕೊಳ್ಳಿ. ಹುಬ್ಬು ಗಂಟಿಕ್ಕಿತೇ, ಮುಷ್ಟಿ ಬಿಗಿಯಿತೇ, ಸೀರೆಯ ಅಂಚು ಕೀಳಲು ಶುರು ಮಾಡಿದರೇ? ಒಂದು ನಿಮಿಷದೊಳಗೆ ನಿಲ್ಲಿಸಿ, ಆ ಹಾಡಿನ ಹೆಸರನ್ನು 'ಬೇಡ' ಪಟ್ಟಿಗೆ ಬರೆಯಿರಿ. ಕೊನೆಗೆ ಆರೆಂಟು ಹಾಡು ಉಳಿದರೆ ಸಾಕು.

'ಬೇಡ' ಪಟ್ಟಿಯನ್ನು ಯಾರೂ ಹಗುರವಾಗಿ ಕಾಣಬಾರದು. ನಮ್ಮ ಕಡೆ ಸಾವಾದ ಮನೆಯಲ್ಲಿ ರಾತ್ರಿಯೆಲ್ಲ ಭಜನೆ ಮಾಡುವ ರೂಢಿಯಿದೆ. ತಾಳ, ದಮ್ಮಡಿ ಕೂಡಿದ ಅದೇ ಧಾಟಿಯ ಭಜನೆ ಮುಸ್ಸಂಜೆಗೆ ಕಿವಿಗೆ ಬಿದ್ದರೆ ಕೆಲ ಹಿರಿಯರು 'ಯಾರು ಹೋದ್ರು?' ಎಂದು ಅಳುತ್ತಾರೆ. ಉತ್ತರ ಕೊಟ್ಟರೂ ಐದು ನಿಮಿಷಕ್ಕೆ ಮರೆತು ಮತ್ತೆ ಕೇಳುತ್ತಾರೆ. ಮೊಹರಂ ಪದಗಳಲ್ಲೂ ದುಃಖವೇ ಜೀವಾಳ; ಕೆಲವರಿಗೆ ಅದು ಊರಿನ ಸಂಭ್ರಮದ ನೆನಪು, ಕೆಲವರಿಗೆ ಕಳಕೊಂಡವರ ನೆನಪು. ಕೇಳಿಯೇ ತಿಳಿಯಬೇಕು. ಸಂಜೆ ನಾಲ್ಕಾದರೆ 'ಊರಿಗೆ ಹೋಗ್ತೀನಿ' ಎಂದು ಹೊರಡುವ ಅಜ್ಜನ ಊರು ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿ ಎಪ್ಪತ್ತು ವರ್ಷ ದಾಟಿರಬಹುದು. ಅವರ ಜೊತೆ ವಾದಕ್ಕಿಳಿಯುವುದಕ್ಕಿಂತ ಆ ಊರ ಜಾತ್ರೆಯ ಹಾಡು ಗೊತ್ತಿದ್ದರೆ ಅದನ್ನು ಹಾಡುತ್ತ ಅಂಗಳದಲ್ಲಿ ನಾಲ್ಕು ಹೆಜ್ಜೆ ಕೂಡಿ ನಡೆಯುವುದು ಮೇಲು.

ಸಾಮಾನಿಗೆ ಹೆಚ್ಚು ಖರ್ಚಿಲ್ಲ. ಮೆಮರಿ ಕಾರ್ಡ್ ಹಾಕುವ, ಬ್ಯಾಟರಿಯಿಂದ ನಡೆಯುವ ಸಣ್ಣ ಸ್ಪೀಕರ್ ಒಂದಿದ್ದರೆ ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಯೂಟ್ಯೂಬ್ ಹಚ್ಚಬೇಡಿ. ಹಾಡಿನ ನಡುವೆ ಜಾಹೀರಾತು ದೊಡ್ಡ ದನಿಯಲ್ಲಿ ನುಗ್ಗುತ್ತದೆ, ಇಪ್ಪತ್ತು ನಿಮಿಷದ ಶ್ರಮ ಐದು ಸೆಕೆಂಡಿನಲ್ಲಿ ಮಣ್ಣುಪಾಲು. ಸ್ಪೀಕರ್ ನಾಲ್ಕೈದು ಅಡಿ ದೂರದಲ್ಲಿ, ಎದುರಿಗೆ, ಕಾಣುವಂತಿರಲಿ. ಬೆನ್ನ ಹಿಂದಿನಿಂದ ಬರುವ ದನಿಗೆ ಬೆಚ್ಚುತ್ತಾರೆ. ಸದ್ದು ಎದುರು ಕೂತು ಮಾತಾಡುವಷ್ಟೇ, ಸುಮಾರು 60 ಡೆಸಿಬಲ್. ಟಿವಿ ಆರಿಸಿ. ಹೆಡ್‌ಫೋನ್ ಕೆಲವರಿಗೆ ಒಗ್ಗುತ್ತದೆ, ಹಲವರು ತಲೆಯೊಳಗೆ ಯಾರೋ ಮಾತಾಡುತ್ತಿದ್ದಾರೆಂದು ಹೆದರಿ ಕಿತ್ತೆಸೆಯುತ್ತಾರೆ. ಎಲ್ಲಕ್ಕಿಂತ ಮೊದಲು ಕಿವಿಯ ಗುಗ್ಗೆ ತೆಗೆಸಿ. ಶ್ರವಣ ಯಂತ್ರ ಇದ್ದರೆ ಅದರ ಬ್ಯಾಟರಿ ನೋಡಿ. ಯಂತ್ರ ಕಪಾಟಿನಲ್ಲಿ, ಹಾಡು ಪಡಸಾಲೆಯಲ್ಲಿ ಆಗಬಾರದು.

ಎದುರು ಕೂತು ಹಾಡುವ ದನಿಗೆ ಸ್ಪೀಕರ್ ಎಂದೂ ಸಾಟಿಯಲ್ಲ. ಹಾರ್ಮೋನಿಯಂ ನುಡಿಸುವವರು ತಮ್ಮ ಅಭ್ಯಾಸದ ಶ್ರುತಿಗಿಂತ ಎರಡು ಮೂರು ಮನೆ ಕೆಳಗೆ ಹಿಡಿಯಬೇಕು. ವಯಸ್ಸಾದ ಹೆಂಗಸರ ದನಿ ಕೆಳಗಿಳಿದಿರುತ್ತದೆ. ಮೇಲಿನ ಶ್ರುತಿಯಲ್ಲಿ ಹಾಡಿದರೆ ಕೇಳುತ್ತಾರೆ, ಕೂಡ ಹಾಡುವುದಿಲ್ಲ. ನುಡಿ ಮುಗಿದ ಮೇಲೆ ಉತ್ತರಕ್ಕೆ ಕಾಯಿರಿ, ಹತ್ತು ಹದಿನೈದು ಸೆಕೆಂಡ್. ಹಾಡುವವರಿಗೆ ಅದು ಬಹಳ ಉದ್ದ ಅನ್ನಿಸುತ್ತದೆ, ಹಿರಿಯರಿಗೆ ಅಷ್ಟು ಹೊತ್ತು ಬೇಕೇ ಬೇಕು. ಚಡಪಡಿಸುತ್ತಿರುವವರ ಮುಂದೆ ಮೊದಲೇ ನಿಧಾನ ಲಯದ ಹಾಡು ಎತ್ತಬೇಡಿ. ಅವರ ಹೆಜ್ಜೆಯ, ಉಸಿರಿನ ಗತಿಗೇ ಹೊಂದುವ ಹಾಡಿನಿಂದ ಹೊರಟು, ಎರಡು ಮೂರು ಹಾಡುಗಳಲ್ಲಿ ಲಯವನ್ನು ನಿಮಿಷಕ್ಕೆ 60-70 ತಾಳಕ್ಕೆ ಇಳಿಸುತ್ತ ಬನ್ನಿ. ಸಂಜೆ ಐದಕ್ಕೆ ಗಲಿಬಿಲಿ ಏಳುವುದು ರೂಢಿಯಾದರೆ ಹಾಡು ನಾಲ್ಕೂವರೆಗೇ ಶುರುವಾಗಬೇಕು. ಗಲಿಬಿಲಿ ಏರಿದ ಮೇಲೆ ಹಾಡು ಕಿವಿಗೆ ಹೋಗುವುದಿಲ್ಲ. ಗುಂಪಾದರೆ ಆರೆಂಟು ಜನ, ಕೈಯಿರುವ ಕುರ್ಚಿ, ಅರ್ಧ ಚಂದ್ರಾಕಾರ, 20-30 ನಿಮಿಷ. ದಿನವೂ ಅದೇ ಹಾಡಿನಿಂದ ಆರಂಭ, ಅದೇ ಹಾಡಿನಿಂದ ಮುಕ್ತಾಯ. ಒಬ್ಬೊಬ್ಬರನ್ನೂ ಅವರಿಗೆ ಒಗ್ಗಿದ ಹೆಸರಿನಿಂದ ಕರೆಯಿರಿ. ಮೂವತ್ತು ವರ್ಷ ಶಾಲೆಯಲ್ಲಿ ದುಡಿದವರು 'ಅಜ್ಜಾ' ಎಂದರೆ ತಿರುಗುವುದಿಲ್ಲ, 'ಮಾಸ್ತರ್ರೀ' ಎಂದರೆ ತಲೆ ಎತ್ತುತ್ತಾರೆ. ಹಾಸಿಗೆ ಹಿಡಿದವರಿಗೆ ಗುಂಪು ಬೇಡ. ಒಂದೇ ದನಿ, ಗುನುಗು, ಕೈಮೇಲೆ ಕೈ, ಹತ್ತು ನಿಮಿಷ.

ಅತಿ ಹೆಚ್ಚು ಪ್ರಯೋಜನ ಕಾಣುವ ಜಾಗ ಬಚ್ಚಲು. ಸ್ವೀಡನ್‌ನಲ್ಲಿ ಬೆಳಗಿನ ಆರೈಕೆಯ ಹೊತ್ತಿಗೆ ಆರೈಕೆ ಮಾಡುವವರೇ ಹಾಡುವ ಪದ್ಧತಿಯನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದಾರೆ: ಹಾಡುವಾಗ ಅಪ್ಪಣೆಯ ಮಾತು ಕಮ್ಮಿಯಾಗುತ್ತದೆ, ವಿರೋಧವೂ ತಗ್ಗುತ್ತದೆ. ನಮ್ಮಲ್ಲಿ ಮಾಡುವ ಬಗೆ ಹೀಗೆ. ಬಕೆಟ್ ಮೊದಲೇ ತುಂಬಿಡಿ, ನಲ್ಲಿಯ ಸದ್ದು ಬೆದರಿಸುತ್ತದೆ. ನೀರು ಉಗುರು ಬೆಚ್ಚಗಿರಲಿ, ಜಾರದ ಸ್ಟೂಲು, ಟವೆಲು, ಬಟ್ಟೆ ಕೈಗೆಟುಕುವಂತಿರಲಿ. ಹಾಡು ಬಚ್ಚಲಲ್ಲಿ ಅಲ್ಲ, ಹಾಸಿಗೆಯ ಪಕ್ಕದಲ್ಲೇ ಶುರುವಾಗಬೇಕು. ಬೀಸುವ ಪದದ ನಿಧಾನ ಲಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆ ಲಯಕ್ಕೇ ನಡೆದು ಬನ್ನಿ. ಸ್ಟೂಲಿನ ಮೇಲೆ ಕೂತ ಮೇಲೆ ಅವರ ಕೈಗೇ ಒಂದು ಚೊಂಬು ಕೊಡಿ. ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಆಮೇಲೆ ಕೈಗೆ. ತಲೆಗೆ ಕೊನೆಗೆ, ಬೇಡವೆಂದರೆ ಅವತ್ತು ಬಿಡಿ. 'ಕೈ ಎತ್ತು, ಕಾಲು ಚಾಚು' ಎನ್ನುವ ಬದಲು ಅದನ್ನೇ ಪದದ ಧಾಟಿಗೆ ಸೇರಿಸಿ ಹಾಡಿ. ಹಾಡು ಬಾರದ ಆಯಾ ಇದ್ದರೆ ಗುನುಗಿದರೂ ಆಯಿತು. ಬೇಡದ್ದೆಂದರೆ ಇಬ್ಬರು ಹಿಡಿದುಕೊಳ್ಳುವುದು, ಮೂರನೆಯವರು ನೀರು ಸುರಿಯುವುದು, ಹೊರಗೆ ರೇಡಿಯೊ ಕೂಗುವುದು.

ಊಟದ ಹೊತ್ತಿಗೆ ಮಾತ್ರ ನಿಯಮ ಬೇರೆ. ಊಟಕ್ಕೆ ಮುಂಚೆ ಹಾಡಿ ಕೂರಿಸಿ. ತುತ್ತು ಬಾಯಲ್ಲಿರುವಾಗ ಹಾಡಿಸಬೇಡಿ, ಅನ್ನ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆದೀತು. ನುಂಗಲು ಕಷ್ಟಪಡುತ್ತಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಬೇಕು.

ಈಗ ಹಾಳೆಯ ಮಾತಿಗೆ ಬರೋಣ. ಕೆಲಸ ಕೆಡುವುದು ಸಾಮಾನ್ಯವಾಗಿ ಹಾಡಿನ ದೋಷದಿಂದಲ್ಲ. ಹಾಡುವವರು ಬರುವುದು ನಾಲ್ಕಕ್ಕೆ, ಮಂಪರು ತರುವ ಮಾತ್ರೆ ಕೊಡುವುದು ಮೂರಕ್ಕೆ. ಹಾಡು ಹತ್ತಿ ಬರುವಾಗಲೇ ಒಬ್ಬರು ಬಿಪಿ ನೋಡಲು ಬರುತ್ತಾರೆ, ಇನ್ನೊಬ್ಬರು ಚಹಾದ ತಟ್ಟೆ ತರುತ್ತಾರೆ. ಮೂರು ದಿನದಿಂದ ಮಲವಿಸರ್ಜನೆ ಆಗಿಲ್ಲವೆಂದು ನರ್ಸ್‌ಗೆ ಗೊತ್ತು, ಹಾಡುವವರಿಗೆ ಗೊತ್ತಿಲ್ಲ; ಯಾವ ಹಾಡಿಗೆ ಅಜ್ಜಿ ಕೈ ಚಾಚುತ್ತಾರೆಂದು ಹಾಡುವವರಿಗೆ ಗೊತ್ತು, ಸ್ನಾನ ಮಾಡಿಸುವ ಆಯಾಗೆ ಗೊತ್ತಿಲ್ಲ. ಇದಕ್ಕೆ ಮದ್ದು ಒಂದು ಹಾಳೆ. ಮೇಲ್ಭಾಗದಲ್ಲಿ ಬದಲಾಗದ ಸಂಗತಿ: ಹುಟ್ಟು ಭಾಷೆ, ಯಾವ ಕಿವಿ ಕೇಳುತ್ತದೆ, ಏನೆಂದು ಕರೆಯಬೇಕು, ಬೇಕಾದ ಹಾಡು, ಬೇಡದ ಹಾಡು. ಕೆಳಗೆ ದಿನದಿನದ ಸಾಲು. ಉದಾಹರಣೆಗೆ ಹೀಗೆ:

'ಮಂಗಳವಾರ ಸಂಜೆ 4.10. ಎರಡು ಸಲ ಎದ್ದು ಬಾಗಿಲಿಗೆ ಹೋದರು. ಬೀಸುವ ಪದ, ಒಂದೇ ದನಿ, 12 ನಿಮಿಷ. ಮೂರನೇ ನಿಮಿಷಕ್ಕೆ ಬಲಗೈ ಬೀಸುವಂತೆ ಆಡಿತು. ಎಡಗೈ ಎತ್ತಲಿಲ್ಲ, ಹಿಡಿದರೆ ಮುಖ ಕಿವುಚಿದರು. 4.30ಕ್ಕೆ ಒಂದು ಲೋಟ ಮಜ್ಜಿಗೆ ಪೂರ್ತಿ ಕುಡಿದರು.'

ಈ ಐದಾರು ಸಾಲಿನಲ್ಲಿ ಎಷ್ಟು ಜನರಿಗೆ ಕೆಲಸವಿದೆ ನೋಡಿ. 'ಎಡಗೈ ಎತ್ತಲಿಲ್ಲ' ಎಂಬುದನ್ನು ನರ್ಸ್ ಓದಿದರೆ ಇದು ಇವತ್ತೇ ಶುರುವಾದದ್ದೋ ಹಳೆಯದೋ ಎಂದು ಕೂಡಲೇ ನೋಡುತ್ತಾರೆ. ಹಠಾತ್ತನೆ ಆದದ್ದಾದರೆ ಲಕ್ವ ಹೊಡೆದಿರಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಳೆಯದಾದರೆ ಫಿಸಿಯೋಥೆರಪಿಸ್ಟ್ ಭುಜ ಪರೀಕ್ಷಿಸುತ್ತಾರೆ, ಕೀಲು ಬಿಗಿದಿರುವುದು ಗೊತ್ತಾಗುತ್ತದೆ. ರವಿಕೆ ತೊಡಿಸುವಾಗ ಅಜ್ಜಿ ಹೊಡೆಯಲು ಬರುತ್ತಿದ್ದದ್ದು ಸಿಟ್ಟಿನಿಂದಲ್ಲ, ನೋವಿನಿಂದ ಎಂದು ಆಯಾಗೆ ತಿಳಿಯುತ್ತದೆ. ಮುಂದೆ ಗುಂಡಿಯ ಸಡಿಲ ರವಿಕೆ, ಎಡಗೈಗೆ ಮೊದಲು ತೋಳು, ನೋವಿನ ಔಷಧಿ. ಡಾಕ್ಟರು ಬರೆಯಲಿದ್ದ ಮಂಪರು ಮಾತ್ರೆ ಬೇಕಾಗದೆ ಹೋಗಬಹುದು. ಅದೇನು ಸಣ್ಣ ಲಾಭವಲ್ಲ. ಡಿಮೆನ್ಷಿಯಾ ಇರುವ ಹಿರಿಯರಿಗೆ ಮನೋವಿಕಾರಕ್ಕೆ ಕೊಡುವ (ಆ್ಯಂಟಿಸೈಕೋಟಿಕ್) ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಬಗೆಯವುಗಳಿಗೆ, 2008ರಲ್ಲಿ ಹಳೆಯವುಗಳಿಗೆ ಗಂಭೀರ ಎಚ್ಚರಿಕೆ ಹಾಕಿಸಿದೆ. ಲ್ಯೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಂತೂ ಹ್ಯಾಲೋಪೆರಿಡಾಲ್‌ನಂಥ ಮಾತ್ರೆ ಮೈ ಮರಗಟ್ಟಿಸಿ ಜೀವಕ್ಕೇ ಎರವಾಗಬಹುದು. ಇರುವ ಮಾತ್ರೆಯನ್ನು ಮನೆಯವರು ತಾವಾಗಿಯೇ ನಿಲ್ಲಿಸಲೂಬಾರದು; ಹಾಳೆ ತೋರಿಸಿ ಡಾಕ್ಟರ ಹತ್ತಿರ ಮಾತಾಡಬೇಕು.

ಹಾಡನ್ನು ಬದಿಗಿಟ್ಟು ಡಾಕ್ಟರನ್ನು ಕರೆಯಬೇಕಾದ ಸಂದರ್ಭವೂ ಇದೆ. ನಿನ್ನೆ ಮೊನ್ನೆವರೆಗೆ ಹಾಡುತ್ತಿದ್ದವರು ಒಂದೆರಡು ದಿನದಲ್ಲಿ ಏಕಾಏಕಿ ಮಂಕಾದರೆ ಅಥವಾ ಕೆರಳಿದರೆ ಅದು ಮರೆವಿನ ಸಹಜ ಏರುವಿಕೆಯಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಮೂತ್ರ ಕಟ್ಟುವುದು, ಸೋಡಿಯಂ ಇಳಿಯುವುದು, ಹೊಸ ಮಾತ್ರೆ ಇವುಗಳಲ್ಲಿ ಒಂದಿರಬಹುದು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಅನುಮಾನ ಮೈಯ ನೀರು ಆರಿದ್ದರ ಮೇಲಿರಲಿ. ಬಾಯಾರಿಕೆ ಆಗಿದೆ ಎಂದು ಹೇಳಲು ಅವರಿಗೆ ಬಾರದು. ಹಾಡಿನ ಪ್ರತಿ ಬೈಠಕ್ ಮುಗಿದೊಡನೆ ಒಂದು ಲೋಟ ನೀರೋ ಮಜ್ಜಿಗೆಯೋ ಕೊಡುವ ರೂಢಿ ಇಟ್ಟುಕೊಂಡರೆ ಎರಡೂ ಕೆಲಸವಾಗುತ್ತದೆ.

ಇಂಗ್ಲೆಂಡಿನ ಎರಡು ಆರೈಕೆ ಮನೆಗಳಲ್ಲಿ ಐದು ತಿಂಗಳು ನಡೆದು 2015ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದು ಇದೇ ದಾರಿಯದು. ಸಂಗೀತ ಚಿಕಿತ್ಸಕರು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಕೂತದ್ದಷ್ಟೇ ಅಲ್ಲ, ಅದರ ವಿಡಿಯೊ ತುಣುಕನ್ನು ಸಿಬ್ಬಂದಿಗೆ ತೋರಿಸಿ, ಈ ವ್ಯಕ್ತಿ ಯಾಕೆ ಕೆರಳಿದರು, ಯಾವುದರಿಂದ ತಣ್ಣಗಾದರು ಎಂದು ವಿವರಿಸಿದರು. ನಮ್ಮಲ್ಲಿ ವಿಡಿಯೊ ಮಾಡಬೇಕಾದರೆ ಮನೆಯವರ ಒಪ್ಪಿಗೆ ಬೇಕು, ಅದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗಕೂಡದು. ವಿಡಿಯೊ ಇಲ್ಲದಿದ್ದರೂ ಪರವಾಗಿಲ್ಲ, ವಾರಕ್ಕೊಮ್ಮೆ ಎಲ್ಲರೂ ಅರ್ಧ ಗಂಟೆ ಕೂತು ಹಾಳೆ ಓದಿದರೆ ಸಾಕು.

ಇದೆಲ್ಲ ದೊಡ್ಡ ನಗರದ ಮಾತು ಎಂದು ಯಾರೂ ತಳ್ಳಿಹಾಕಬಾರದು. 1980ರ ದಶಕದಲ್ಲಿ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಮಾನಸಿಕ ಕಾಯಿಲೆಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆ. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದರ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿದರು. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್‌ಗಳಿಗೆ ಈಗಲೂ ಜಾಗವಿದೆ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ತರಬೇತಿ ಪಡೆದ ಸಂಗೀತ ಚಿಕಿತ್ಸಕರು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಿಜ. ಆದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು, ಸಂಗೀತ ಶಿಕ್ಷಕರು, ಭಜನಾ ಮಂಡಳಿಯವರು, ಸೋಬಾನೆ ಹಾಡುವ ತಾಯಂದಿರು ಈ ನೆಲದಲ್ಲಿ ಧಾರಾಳವಾಗಿದ್ದಾರೆ. ಅವರು ಚಿಕಿತ್ಸಕರ ಜಾಗ ತುಂಬಲಾರರು. ಗುರಿ ಇಟ್ಟು, ಅಳೆದು, ಬದಲಿಸುವ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು. ಆದರೆ ದೂರದಿಂದಾದರೂ ಒಬ್ಬ ಚಿಕಿತ್ಸಕರ ಸಲಹೆ, ಹತ್ತಿರದಲ್ಲಿ ಒಬ್ಬ ನರ್ಸಿನ ಉಸ್ತುವಾರಿ ಇದ್ದರೆ ಇವರು ಚೆನ್ನಾಗಿ ಹಾಡಬಲ್ಲರು, ನೋಡಿದ್ದನ್ನು ಬರೆಯಬಲ್ಲರು.

ಆದ್ದರಿಂದ ಜಿಲ್ಲಾ ಆರೋಗ್ಯ ಇಲಾಖೆಗಳನ್ನೂ ವೃದ್ಧಾಶ್ರಮ ನಡೆಸುವವರನ್ನೂ ಕೇಳುವುದಿಷ್ಟು: ಮೇಲೆ ಹೇಳಿದಂಥ ಒಂದು ಹಾಳೆಯನ್ನು ಕನ್ನಡ, ತೆಲುಗು, ಉರ್ದುವಿನಲ್ಲಿ ಅಚ್ಚು ಹಾಕಿಸಿ. ಪ್ರತಿ ಕಡೆ ಅದರ ಹೊಣೆ ಒಬ್ಬ ನರ್ಸಿಗೆ ಹೆಸರು ಹಿಡಿದು ಒಪ್ಪಿಸಿ. ಹಾಡುವವರಿಗೆ ಗೌರವಧನ, ಬಸ್ ಚಾರ್ಜು ಕೊಡಿ. ಪುಕ್ಕಟೆ ಕೆಲಸ ಮೂರು ವಾರದ ಮೇಲೆ ನಡೆಯುವುದಿಲ್ಲ. ಮೊದಲಿಗೆ ಒಂದು ತಾಲ್ಲೂಕಿನಲ್ಲಿ, ವಾರಕ್ಕೆರಡು ಬೈಠಕ್‌ನಂತೆ ಮೂರು ತಿಂಗಳು ಮಾಡಿ, ಮಾತ್ರೆ ಎಷ್ಟು ಇಳಿಯಿತು, ನಿದ್ದೆ, ಊಟ ಹೇಗಾಯಿತು ಎಂದು ಎಣಿಸಿ ನೋಡಿ. ಮನೆಯಲ್ಲೇ ನೋಡಿಕೊಳ್ಳುತ್ತಿರುವ ಸೊಸೆಯಂದಿರು, ಮಗಳಂದಿರು ಅಲ್ಲಿಯವರೆಗೆ ಕಾಯಬೇಕಿಲ್ಲ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಎರಡೂ ಉಚಿತ. ಕರೆ ಮಾಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ದಿನದ ನಿದ್ದೆ, ಊಟ, ಮಲಮೂತ್ರ, ಮಾತ್ರೆಯ ಹೊತ್ತು, ಹಾಡಿದ ಹಾಡು ಬರೆದಿಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ಹಿರಿಯರ ಆರೈಕೆಯಲ್ಲಿರುವ ನರ್ಸ್‌ಗಳು ಮತ್ತು ಸಂಗೀತ ಶಿಕ್ಷಕರು,
ಬಳ್ಳಾರಿ